ವೇಗದ ದಂಡ: ಕಟ್ಟುವುದೋ, ಕೋರ್ಟಿಗೆ ಹೋಗುವುದೋ?

ತಮ್ಮಾ, ತಡಸ ಕ್ರಾಸ್ ದಾಟಿ ಶಿಗ್ಗಾಂವಿ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಗಾಡಿಯ ವೇಗ ಏರಿದ್ದೇ ಗೊತ್ತಾಗುವುದಿಲ್ಲ. ಮೊಬೈಲಿಗೆ ಚಲನ್ ಬಂದ ಮೇಲೆ ಒಬ್ಬ ‘ಕಟ್ಟಿ ಕೈತೊಳಕೋ’ ಅಂತಾನೆ, ಇನ್ನೊಬ್ಬ ‘ಬಿಡಬ್ಯಾಡ, ಕೋರ್ಟಿಗೆ ಹೋಗು’ ಅಂತಾನೆ. ಇಬ್ಬರ ಮಾತನ್ನೂ ಕೇಳು. ತೀರ್ಮಾನ ಮಾತ್ರ ಕಾಗದಪತ್ರ ನೋಡಿ ಮಾಡು.

• ಮೊದಲು ಚಲನ್ ನಿಜವೋ ಅಲ್ಲವೋ ತಿಳಿದುಕೋ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಬೇಡ, ಎಪಿಕೆ ಫೈಲ್ ಇಳಿಸಬೇಡ. ಖಾತೆಯಲ್ಲಿನ ಹಣ ಖಾಲಿಯಾದೀತು. ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ ನೀನೇ ಗಾಡಿ ನಂಬರು ಹಾಕಿ ನೋಡು, ಇಲ್ಲವೇ ಠಾಣೆಯಲ್ಲಿ ವಿಚಾರಿಸು.

• ಫೋಟೋ ದೊಡ್ಡದು ಮಾಡಿ ನೋಡು. ನಂಬರು, ಗಾಡಿಯ ಬಣ್ಣ, ಜಾಗ, ತಾರೀಖು, ಹೊತ್ತು, ದಾಖಲಾದ ವೇಗ, ಅಲ್ಲಿನ ಮಿತಿ, ಎಲ್ಲ ತಾಳೆಯಾಗಬೇಕು. ಬೇರೆಯವರ ಗಾಡಿಯ ತಪ್ಪು ನಿನ್ನ ಮೇಲೆ ಬಂದಿದ್ದರೆ ಹಿಂಜರಿಯದೆ ತಕರಾರು ಹಾಕು.

• ವೇಗ ಅಳೆದದ್ದು ಹೇಗೆ ಎಂದು ಕೇಳು. ಮೋಟಾರು ವಾಹನ ಕಾಯ್ದೆಯ ಕಲಂ 183ರ ಪ್ರಕಾರ, ಒಬ್ಬ ಸಾಕ್ಷಿಯ ಕಣ್ಣಂದಾಜಿನ ಮೇಲಷ್ಟೇ ಶಿಕ್ಷೆ ಕೊಡುವಂತಿಲ್ಲ. ಆ ಅಂದಾಜಿಗೆ ಯಂತ್ರದ ಆಧಾರ ಬೇಕು. 2021ರಲ್ಲಿ ಬಂದ ನಿಯಮ 167ಎ ಪ್ರಕಾರ ಆ ಯಂತ್ರಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇದೆಯೆಂಬ ಫಲಕ ಮೊದಲೇ ಕಾಣಬೇಕು, ನೋಟಿಸು 15 ದಿನದೊಳಗೆ ಹೊರಡಬೇಕು. ಲೋಪವಿದ್ದರೆ ಎತ್ತಿ ಹೇಳು. ಆದರೆ ಒಂದು ಲೋಪ ಸಿಕ್ಕಿತೆಂದು ಕೇಸು ಗೆದ್ದೆನೆಂದುಕೊಳ್ಳಬೇಡ.

• ಲಾಭ ನಷ್ಟ ತೂಗಿ ನೋಡು. ಕಾಯ್ದೆಯಲ್ಲಿ ಕಾರಿನಂಥ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಲಾರಿ ಬಸ್ಸಿನಂಥ ದೊಡ್ಡ ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡವಿದೆ. ಸೋತರೆ ನ್ಯಾಯಾಧೀಶರು ಮೇಲಿನ ಮೊತ್ತವನ್ನೇ ಹಾಕಬಹುದು. ಅದರ ಜೊತೆಗೆ ವಕೀಲರ ಫೀಸು, ತಾರೀಖಿಗೊಮ್ಮೆ ಹೋಗುವ ಕೂಲಿ, ಬಸ್ಸಿನ ಖರ್ಚನ್ನೂ ಸೇರಿಸು.

• ಸ್ಟೇರಿಂಗೇ ನಿನ್ನ ಹೊಟ್ಟೆಪಾಡಾಗಿದ್ದರೆ ಲೆಕ್ಕ ಬೇರೆ. ಎರಡನೇ ಸಲ ಅದೇ ತಪ್ಪಾದರೆ ಲೈಸೆನ್ಸ್ ವಶಕ್ಕೆ ಹೋಗಬಹುದು. ತಪ್ಪಿಲ್ಲದ ಚಲನ್ ಸಣ್ಣ ಮೊತ್ತದ್ದೆಂದು ಸುಮ್ಮನೆ ಒಪ್ಪಿಕೊಳ್ಳಬೇಡ.

• ಕಟ್ಟುವ ಮುಂಚೆ ನಿರ್ಧರಿಸು. ದಂಡ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯಿತು, ಆಮೇಲೆ ವಾದಕ್ಕೆ ಜಾಗವಿಲ್ಲ. ರಸೀದಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡ.

• ಓಡಿಸಿದವರು ಬೇರೆಯಾಗಿದ್ದರೆ ನಿಜ ಹೇಳು. ಪೊಲೀಸರು ಕೇಳಿದಾಗ ಚಾಲಕ ಯಾರೆಂದು ತಿಳಿಸುವುದು ಮಾಲೀಕನ ಹೊಣೆ. ಗಾಡಿ ಮಾರಿದ್ದರೆ ಹೆಸರು ವರ್ಗಾವಣೆಯ ಕಾಗದ ಹುಡುಕಿಡು.

• ಗಂಟೆಗೆ 130 ಕಿ.ಮೀ. ದಾಟಿದ ಮಾತೇ ಬೇರೆ. 2024ರ ಆಗಸ್ಟ್ 1ರಿಂದ ಅಂಥವರ ಮೇಲೆ ಎಫ್‌ಐಆರ್ ಹಾಕುವುದಾಗಿ ರಾಜ್ಯ ಪೊಲೀಸರು ಸಾರಿದ್ದಾರೆ. ಹಾಗಾದಾಗ ಒಬ್ಬನೇ ಓಡಾಡದೆ ವಕೀಲರನ್ನು ಕಾಣು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಡವರಿಗೆ ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ನೆರವು ಸಿಗುತ್ತದೆ.

• ರಿಯಾಯಿತಿಗೆ ಕಾಯುತ್ತಾ ಸಮನ್ಸನ್ನು ಮೂಲೆಗೆ ಹಾಕಬೇಡ. 2023ರಲ್ಲೂ 2025ರಲ್ಲೂ ಸರ್ಕಾರ ಬಾಕಿ ದಂಡಕ್ಕೆ ಅರ್ಧ ವಿನಾಯಿತಿ ಕೊಟ್ಟಿತ್ತು, ನಿಜ. ಹಾಗಂತ ಕೋರ್ಟಿನ ತಾರೀಖು ತಪ್ಪಿಸಿದರೆ ವಾರಂಟ್ ಬಂದೀತು.

• ಕೋರ್ಟಿಗೆ ಹೋದರೆ ನೋಟಿಸು, ಆರ್‌ಸಿ, ಲೈಸೆನ್ಸು, ಫೋಟೋದ ಪ್ರತಿ ಒಂದೇ ಫೈಲಿನಲ್ಲಿರಲಿ. ಆಸ್ಪತ್ರೆಗೆ ಓಡಿದ್ದೆಯಾದರೆ ಅಲ್ಲಿನ ಚೀಟಿ ತೋರಿಸು. ಅದರಿಂದ ತಪ್ಪು ಅಳಿಸಿ ಹೋಗುವುದಿಲ್ಲ, ಆದರೆ ಕಾರಣ ನ್ಯಾಯಾಧೀಶರಿಗೆ ತಿಳಿಯಲಿ.

• ಕೊನೆಯದಾಗಿ ನಿನ್ನ ಮನಸ್ಸಾಕ್ಷಿಯನ್ನು ಕೇಳು. 2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯ ಮೇಲೆ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ನಿಂತ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜೀವ ಹೋದವು. ನಿಂತ ಗಾಡಿ ಕತ್ತಲಲ್ಲಿ ಕಣ್ಣಿಗೆ ಬೀಳುವುದೇ ತಡವಾಗಿ. ವೇಗ ಎರಡರಷ್ಟಾದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಚಲನ್ ತಪ್ಪಾಗಿದ್ದರೆ ತಲೆಯೆತ್ತಿ ವಾದಿಸು, ಅದು ನಿನ್ನ ಹಕ್ಕು. ಸರಿಯಾಗಿದ್ದರೆ ವಾದ ಹುಡುಕಬೇಡ. ದಂಡ ಕಟ್ಟು, ನಾಳೆಯಿಂದ ವೇಗ ಇಳಿಸು.