ಸಾರಾ ಅಬೂಬಕ್ಕರ್: ಸ್ತ್ರೀ ಮತ್ತು ವ್ಯಾಖ್ಯಾನದ ಅಧಿಕಾರ

ಮುಸ್ಲಿಂ ಸ್ತ್ರೀಯ ಸ್ಥಿತಿಗತಿಯನ್ನು ಕುರಿತ ಚರ್ಚೆಗಳಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗುವುದುಂಟು. ಧರ್ಮಗ್ರಂಥ ಹೇಳುವುದೇನು ಎಂಬುದು ಒಂದು. ಅದನ್ನು ಅರ್ಥೈಸುವ ಅಧಿಕಾರ ಯಾರದು ಎಂಬುದು ಇನ್ನೊಂದು. ಇವೆರಡನ್ನೂ ಕನ್ನಡದಲ್ಲಿ ಬೇರ್ಪಡಿಸಿ ನೋಡಿದವರಲ್ಲಿ ಕಾಸರಗೋಡಿನ ಸಾರಾ ಅಬೂಬಕ್ಕರ್ (1936–2023) ಪ್ರಮುಖರು.

ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾಯಕಿ ನಾದಿರಾ. ತಂದೆ ಮಹಮ್ಮದ್ ಖಾನನ ಹಠಕ್ಕೆ ಅವಳ ದಾಂಪತ್ಯ ಬಲಿಯಾಗುತ್ತದೆ. ಗಂಡಹೆಂಡಿರು ಮತ್ತೆ ಒಂದಾಗಬಯಸಿದಾಗ, ಆಕೆ ಮೊದಲು ಪರಪುರುಷನೊಬ್ಬನನ್ನು ವರಿಸಿ ಅವನಿಂದ ತಲಾಖ್ ಪಡೆಯಬೇಕೆಂಬ ಕಟ್ಟಳೆ ಅಡ್ಡಬರುತ್ತದೆ. ಅದನ್ನು ತಾಳಲಾರದೆ ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ನೀಗುತ್ತಾಳೆ.

ಈ ದುರಂತದ ಮೂಲವನ್ನು ಅರಿಯಲು ವ್ಯಾಖ್ಯಾನದ ಇತಿಹಾಸವನ್ನು ನೋಡಬೇಕು. ಕುರಾನಿನ ಎರಡನೆಯ ಅಧ್ಯಾಯದ ಪ್ರಕಾರ ಎರಡು ಬಾರಿಯ ತಲಾಖಿನವರೆಗೂ ದಂಪತಿಗಳು ಕೂಡಿ ಬಾಳುವ ಅವಕಾಶ ಉಳಿದಿರುತ್ತದೆ. ಮೂರನೆಯದರ ನಂತರವಷ್ಟೇ ಆ ಬಾಗಿಲು ಮುಚ್ಚುತ್ತದೆ. ಹೆಂಡತಿಯನ್ನು ಮನಬಂದಂತೆ ಬಿಟ್ಟು ಮತ್ತೆ ಕರೆದುಕೊಳ್ಳುವ ಪುರುಷನಿಗೆ ಇದು ಕಡಿವಾಣವೆಂದು ವಿವರಿಸುವವರಿದ್ದಾರೆ. ಆದರೆ ನಾಲ್ಕೂ ಸುನ್ನಿ ಪಂಥಗಳ ಬಹುಮತದ ಅಭಿಪ್ರಾಯ ಒಂದೇ ಉಸಿರಿನ ಮೂರು ತಲಾಖನ್ನು ಮೂರೆಂದೇ ಎಣಿಸಿತು. ಇಬ್ನ್ ತೈಮಿಯಾ ಅದನ್ನು ಒಂದೆಂದು ವಾದಿಸಿದರೂ ಆ ಮಾತು ಬದಿಗೆ ಸರಿಯಿತು. ಒಪ್ಪಂದದ ಮರುವಿವಾಹವನ್ನು ಹದೀಸ್ ಖಂಡಿಸಿದ್ದರೂ ಅದು ರೂಢಿಯಾಗಿ ಉಳಿಯಿತು. ಪುರುಷನಿಗೆ ಹಾಕಿದ ಕಡಿವಾಣ ಸ್ತ್ರೀಗೆ ಶಿಕ್ಷೆಯಾಗಿ ಪರಿಣಮಿಸಿದ್ದು ಹೀಗೆ.

ಇದೇ ಸಮಸ್ಯೆಗೆ ಹಮೀದ್ ದಳವಾಯಿ ಅವರು 1970ರಲ್ಲಿ ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳವನ್ನು ಸ್ಥಾಪಿಸಿ, ಸಮಾನ ನಾಗರಿಕ ಕಾನೂನಿನಲ್ಲಿ ಪರಿಹಾರ ಅರಸಿದರು. ಆಮಿನಾ ವದೂದ್ (1992), ಅಸ್ಮಾ ಬರ್ಲಾಸ್ (2002) ಮುಂತಾದ ವಿದ್ವಾಂಸೆಯರು ಕುರಾನನ್ನೇ ಸ್ತ್ರೀದೃಷ್ಟಿಯಿಂದ ಮರಳಿ ಓದಿದರು. ಸಾರಾ ಅವರದು ಕಥನದ ಮಾರ್ಗ. ಅವರು ಶಾಸ್ತ್ರಾರ್ಥಕ್ಕೆ ಇಳಿಯದೆ, ವ್ಯಾಖ್ಯಾನದ ಫಲವನ್ನು ಉಣ್ಣುವ ಹೆಣ್ಣಿನ ಬಾಳನ್ನೇ ಸಾಕ್ಷ್ಯವಾಗಿ ಮುಂದಿಟ್ಟರು.

2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯ ಶಾಯರಾ ಬಾನು ಪ್ರಕರಣದಲ್ಲಿ, 3–2ರ ಬಹುಮತದಿಂದ, ಒಂದೇ ಉಸಿರಿನ ತಲಾಖನ್ನು ಅಸಿಂಧುಗೊಳಿಸಿತು. ಕುರಾನಿಗೆ ವಿರುದ್ಧವಾದುದು ಷರೀಅತ್ ಆಗಲಾರದೆಂಬ ನಿಲುವೂ ಆ ಬಹುಮತದಲ್ಲಿತ್ತು. ಆದರೆ ನಾದಿರಾಳನ್ನು ಕೊಳಕ್ಕೆ ದೂಡಿದ ಮರುವಿವಾಹದ ಕಟ್ಟಳೆಯನ್ನು ಆ ತೀರ್ಪು ನಿರ್ಣಯಿಸಲಿಲ್ಲ. ಆದುದರಿಂದ ಈ ಕಾದಂಬರಿಯನ್ನು ಕೇವಲ ಕರುಣಾಜನಕ ಕಥೆಯೆಂದಲ್ಲದೆ, ಕನ್ನಡದಲ್ಲಿ ನಡೆದ ಧರ್ಮವ್ಯಾಖ್ಯಾನದ ಒಂದು ವಿಮರ್ಶೆಯೆಂದೂ ಅಭ್ಯಸಿಸಬೇಕು.