ಬೆಳ್ಳಿ ಬಟ್ಟಲು ಯಾರ ಚೀಲದಲ್ಲಿ ಸಿಕ್ಕಿತು?

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು)



ಕುತೂಹಲದ ಕಥೆ ಯಾರಿಗೆ ಬೇಡ? ನಮ್ಮ ಅನಗೋಳದ ಓಣಿಗಳಲ್ಲಿ ರಾತ್ರಿ ಧಾರಾವಾಹಿ ನೋಡಿದವರು ಮುಂಜಾನೆ ನಳದ ಹತ್ತಿರ ಅದನ್ನೇ ಮಾತಾಡ್ತಾರೆ: "ಮುಂದೇನಾಗ್ತದರೀ?" ಪತ್ತೇದಾರಿ ಕಥೆಯಲ್ಲಿ ಕಳ್ಳ ಸಿಕ್ಕರೆ ಕಥೆ ಮುಗಿಯಿತು. ಆದರೆ ಇನ್ನೊಂದು ಬಗೆ ಇದೆ. ತಪ್ಪು ಯಾರದೆಂದು ಮೊದಲೇ ಗೊತ್ತು. ಅವನು ಬದಲಾದನೋ, ಅವನಿಗೆ ಕ್ಷಮೆ ಸಿಗುವುದೋ ಎಂಬುದೇ ಕುತೂಹಲ. ನಮ್ಮ ಗೋವಿನ ಹಾಡು ಇದಕ್ಕೆ ಹತ್ತಿರ: ಪುಣ್ಯಕೋಟಿ ಮರಳಿ ಬಂದರೆ ಹುಲಿ ಏನು ಮಾಡೀತು? ಇಂಗ್ಲಿಷ್ ಲೇಖಕ ಚೆಸ್ಟರ್‌ಟನ್ 1910ರಿಂದ ಬರೆದ ಫಾದರ್ ಬ್ರೌನ್ ಕಥೆಗಳಲ್ಲಿ, ಆ ಗಿಡ್ಡ ಪಾದ್ರಿ ಫ್ಲ್ಯಾಂಬೊ ಎಂಬ ಕಳ್ಳನಿಂದ ಬರೀ ಮಾತಿನಿಂದಲೇ ವಜ್ರಗಳನ್ನು ವಾಪಸ್ ಪಡೆಯುತ್ತಾರೆ. ಮುಂದೆ ಆ ಕಳ್ಳನೇ ಪತ್ತೇದಾರನಾಗುತ್ತಾನೆ.

ಇಂಥ ಕಥೆಯನ್ನು ದುಡ್ಡು ಕೊಟ್ಟು ತರಬೇಕಿಲ್ಲ. ಬೈಬಲಿನ ಆದಿಕಾಂಡ 37ನೆಯ ಅಧ್ಯಾಯ ಓದಿ, 42ರಿಂದ 45ಕ್ಕೆ ಬರ್ರಿ. (38, 39 ಮಕ್ಕಳು ಕೂತಾಗ ಬೇಡ.) ಮುಸ್ಲಿಂ ಸಹೋದರಿಯರಿಗೆ ಇದು ಯೂಸುಫರ ಕಥೆಯಾಗಿ ಗೊತ್ತೇ ಇದೆ.

17 ವರ್ಷದ ಜೋಸೆಫನನ್ನು ಅಣ್ಣಂದಿರು ಹೊಟ್ಟೆಕಿಚ್ಚಿನಿಂದ 20 ಬೆಳ್ಳಿ ನಾಣ್ಯಕ್ಕೆ ಮಾರುತ್ತಾರೆ. ಮಾರೋಣ ಎಂದವನು ಯೆಹೂದ. ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಅಪ್ಪನಿಗೆ ತೋರಿಸುತ್ತಾರೆ. ಎಷ್ಟೋ ವರ್ಷಗಳ ಮೇಲೆ ಬರಗಾಲ ಬಿದ್ದು, ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದು, ಅಲ್ಲಿ ಅಧಿಕಾರಿಯಾಗಿದ್ದ ಜೋಸೆಫನಿಗೇ ಅಡ್ಡಬೀಳುತ್ತಾರೆ. ಅವನು ಗುರುತು ಹಿಡಿದ, ಅವರು ಹಿಡಿಯಲಿಲ್ಲ. ಒಬ್ಬನನ್ನು ಸೆರೆಯಲ್ಲಿಟ್ಟು ಕಿರಿಯ ತಮ್ಮನನ್ನು ಕರೆತರಲು ಹೇಳುತ್ತಾನೆ. ಎರಡನೇ ಸಲ ಬಂದಾಗ ಆ ಬೆನ್ಯಾಮೀನನ ಚೀಲದಲ್ಲಿ ಗುಟ್ಟಾಗಿ ತನ್ನ ಬೆಳ್ಳಿ ಬಟ್ಟಲು ಇಡಿಸಿ, ಹಿಂದೆಯೇ ಆಳು ಕಳಿಸುತ್ತಾನೆ. ಹಿರಿಯನಿಂದ ಶುರುಮಾಡಿ ಒಂದೊಂದೇ ಚೀಲ ಬಿಚ್ಚುವ ಜಾಗದಲ್ಲಿ ಓದುವವರು ಸ್ವಲ್ಪ ನಿಲ್ಲಿಸಬೇಕು, ನೋಡ್ರಿ!

ಯಾಕೆ ಹೀಗೆ ಕಾಡಿದ? ಸೇಡಿಗೆ ಎನ್ನುವವರಿದ್ದಾರೆ. ನಮಗೆ ಹಾಗನಿಸುವುದಿಲ್ಲ. ಒಬ್ಬ ತಮ್ಮನನ್ನು ಮಾರಿದವರು ಇನ್ನೊಬ್ಬನನ್ನೂ ಬಿಟ್ಟು ಹೋಗುತ್ತಾರೋ ಎಂದು ಅವನಿಗೆ ನೋಡಬೇಕಿತ್ತು. ಆಗ ಅದೇ ಯೆಹೂದ ಮುಂದೆ ಬಂದು, ತಮ್ಮನ ಬದಲು ತಾನೇ ಆಳಾಗಿ ಉಳಿಯುತ್ತೇನೆ ಎನ್ನುತ್ತಾನೆ. ಜೋಸೆಫನಿಗೆ ದುಃಖ ತಡೆಯಲಾಗಲಿಲ್ಲ. ಅಳುತ್ತ ತನ್ನ ಗುರುತು ಹೇಳಿದ. ಅವರು ತನ್ನನ್ನು ಮಾರಿದ್ದನ್ನೂ ಬಾಯಿಬಿಟ್ಟು ಹೇಳಿದ, ಮುಚ್ಚಿಡಲಿಲ್ಲ.

ಈಗ ನಮ್ಮ ಸಂಘದ ಪೆಟ್ಟಿಗೆಯಲ್ಲಿ 500 ರೂಪಾಯಿ ಕಡಿಮೆ ಬಂತು, ತೆಗೆದ ಅಕ್ಕ ಒಪ್ಪಿಕೊಂಡಳು ಅಂದುಕೊಳ್ರಿ. "ಹೋಗ್ಲಿ ಬಿಡ್ರಿ" ಎಂದು ಪುಸ್ತಕದಲ್ಲಿ ಬರೆಯದೆ ಬಿಟ್ಟರೆ ಮುಂದಿನ ವಾರದಿಂದ ಪಿಸುಪಿಸು ಶುರು. ಓಣಿ ತುಂಬ ಸಾರಿ ಅವಳನ್ನು ತೆಗೆದುಹಾಕಿದರೆ, ಅವಳು ನಾಳೆ ಬಡ್ಡಿ ಸಾಲದವರ ಬಾಗಿಲಿಗೆ. ಲೆಕ್ಕ ಬರೆದು, ಕಂತಿನಲ್ಲಿ ತುಂಬಿಸಿಕೊಂಡು, ಚಾಪೆಯ ಮೇಲೆ ಅವಳ ಜಾಗ ಉಳಿಸಬಹುದಲ್ಲ? ಕೀಲಿಕೈ ಮತ್ತೆ ಅವಳ ಕೈಗೆ ಕೊಡಲು ಕಾಲ ಬೇಕಾದೀತು. ಜೋಸೆಫನೂ ಕಾಲ ತಗೊಂಡ.

50ನೆಯ ಅಧ್ಯಾಯವನ್ನೂ ಬಿಡಬ್ಯಾಡ್ರಿ. ಅಪ್ಪ ಯಕೋಬ ಈಜಿಪ್ಟಿನಲ್ಲಿ 17 ವರ್ಷ ಬಾಳಿ ತೀರಿಕೊಂಡ ಮೇಲೆ, ಜೋಸೆಫ ಇನ್ನು ಸೇಡು ತೀರಿಸಿಯಾನು ಎಂದು ಅಣ್ಣಂದಿರು ಮತ್ತೆ ಹೆದರುತ್ತಾರೆ. ಅದನ್ನು ಕೇಳಿ ಅವನು ಅಳುತ್ತಾನೆ.

ಚರ್ಚೆಗೆ: ಕ್ಷಮೆ ಸಿಕ್ಕು ಇಷ್ಟು ವರ್ಷವಾದರೂ ಅವರಿಗೆ ನಂಬಿಕೆ ಬಾರದ್ದು ಯಾಕೆ? 44ನೆಯ ಅಧ್ಯಾಯದ ಯೆಹೂದನ ಮಾತನ್ನು ಒಬ್ಬರು ಗಟ್ಟಿಯಾಗಿ ಓದಲಿ. ಯಾವ ಮಾತಿಗೆ ಜೋಸೆಫನ ಮನಸ್ಸು ಕರಗಿತೆಂದು ಉಳಿದವರು ಹೇಳಲಿ.