ತೊಡೆಮೂಳೆಯ ತಲೆ ಗುಂಡಗಿಲ್ಲದಿದ್ದರೆ ಅದು ಕಾಯಿಲೆಯೇ?

ಪ್ರಶ್ನೆ: ನನಗೆ 26 ವರ್ಷ. ಹೈಸ್ಕೂಲಿನಿಂದಲೂ ಫುಟ್‌ಬಾಲ್ ಆಡುತ್ತೇನೆ. ಕೆಲವು ತಿಂಗಳಿಂದ ಚಕ್ಕಳಮಕ್ಕಳ ಹಾಕಿ ಕೂತರೆ ಬಲ ತೊಡೆಸಂದಿಯಲ್ಲಿ ನೋವು. ಎಕ್ಸ್‌ರೇ ವರದಿಯಲ್ಲಿ ಎರಡೂ ಕಡೆ ‘ಕ್ಯಾಮ್ ಮಾರ್ಫಾಲಜಿ’ ಎಂದಿದೆ. ಎಡಗಡೆ ನೋವೇ ಇಲ್ಲ. ಮುಂದೆ ಎರಡೂ ಕೀಲು ಬದಲಿಸಬೇಕಾದೀತೇ? ನಿದ್ದೆ ಬರುತ್ತಿಲ್ಲ.

ಉತ್ತರ: ಎಡಗಡೆಯೂ ಅದೇ ಆಕಾರ, ಆದರೆ ನೋವಿಲ್ಲ ಎಂದಿರಿ. ಹಾಗಾದರೆ ಆಕಾರವೊಂದೇ ಕಾಯಿಲೆಯಲ್ಲ ಎಂದಾಯಿತಲ್ಲ! ತೊಡೆಮೂಳೆಯ ತಲೆ ಚೆಂಡಿನಂತೆ ಗುಂಡಗಿರುತ್ತದೆ ಎಂದು ಓದಿರುತ್ತೇವೆ. ಎಷ್ಟೋ ಜನರಲ್ಲಿ ತಲೆ ಕತ್ತಿಗೆ ಸೇರುವ ಕಡೆ, ಮುಂಭಾಗದಲ್ಲಿ, ಮೂಳೆ ತುಸು ಉಬ್ಬಿರುತ್ತದೆ. ಎಕ್ಸ್‌ರೇ ಮೇಲೆ ತಲೆಯ ಸುತ್ತ ವೃತ್ತ ಎಳೆದು, ಮೂಳೆ ಆ ಗೆರೆಯಿಂದ ಎಲ್ಲಿ ಹೊರಗೆ ಬರುತ್ತದೆ ನೋಡಿ, ‘ಆಲ್ಫಾ ಕೋನ’ ಅಳೆಯುತ್ತಾರೆ. ಅದು ಸುಮಾರು 60 ಡಿಗ್ರಿ ದಾಟಿದರೆ ಕ್ಯಾಮ್ ಎನ್ನುವುದು ರೂಢಿ. ಹದಿಹರೆಯದಲ್ಲಿ, ಮೂಳೆ ಇನ್ನೂ ಬೆಳೆಯುವಾಗ ಜೋರಾಗಿ ಫುಟ್‌ಬಾಲ್, ಐಸ್ ಹಾಕಿ ಆಡಿದ ಹುಡುಗರಲ್ಲಿ ಇದು ಹೆಚ್ಚು. ನಿಮ್ಮದೂ ಹಾಗೇ ಬಂದಿರಬಹುದು.

ತೊಡೆಯನ್ನು ಮಡಚಿ ಒಳಕ್ಕೆ ತಿರುಗಿಸಿದಾಗ ಈ ಉಬ್ಬು ಸೊಂಟದ ಮೂಳೆಯ ಬಟ್ಟಲಿನ ಅಂಚಿಗೆ ತಾಗಿ, ಅಲ್ಲಿನ ಮೆದುಮೂಳೆಯನ್ನು ಒತ್ತುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರಚಿಕಿತ್ಸಕ ರೈನ್‌ಹೋಲ್ಡ್ ಗಾಂಜ್ ತಂಡ 2003ರಲ್ಲಿ ಇದನ್ನು ಸಂಧಿವಾತಕ್ಕೊಂದು ಕಾರಣವೆಂದು ವಿವರಿಸಿತು. ಆಮೇಲೆ ಉಬ್ಬು ಕಂಡಲ್ಲೆಲ್ಲ ಭಯ ಹುಟ್ಟಿದ್ದೂ ಉಂಟು. 2016ರಲ್ಲಿ ತಜ್ಞರು ಮಾಡಿಕೊಂಡ ವಾರ್ವಿಕ್ ಒಪ್ಪಂದ ಆ ಗೊಂದಲ ತಿಳಿಗೊಳಿಸಿತು: ನೋವು, ತಪಾಸಣೆಯಲ್ಲಿ ಸಿಗುವ ಲಕ್ಷಣ, ಚಿತ್ರ, ಮೂರೂ ಕೂಡಿದರೆ ಮಾತ್ರ ಅದು ಕಾಯಿಲೆ. ಉಬ್ಬಿದ್ದವರಲ್ಲಿ ಸಂಧಿವಾತದ ಸಾಧ್ಯತೆ ಹೆಚ್ಚು, ನಿಜ. ಆದರೆ ಬಹುಪಾಲು ಜನರಿಗೆ ಕೀಲು ಬದಲಿಸುವ ಹಂತ ಬರುವುದೇ ಇಲ್ಲ.

ಈಗ ಮಾಡಬೇಕಾದ್ದು: ಸದ್ಯಕ್ಕೆ ಚಕ್ಕಳಮಕ್ಕಳ, ತುಂಬ ತಗ್ಗಿನ ಕೂರುವಿಕೆ, ನೋವು ತರುವ ಸ್ಕ್ವಾಟ್ ಬಿಡಿ. ಬಲವಂತದ ಪದ್ಮಾಸನವಂತೂ ಬೇಡವೇ ಬೇಡ; ಯೋಗದ ಮೇಷ್ಟ್ರು ‘ಅಭ್ಯಾಸವಾದರೆ ಸಡಿಲವಾಗುತ್ತೆ’ ಎಂದರೂ ಮೂಳೆ ಸಡಿಲವಾಗುವುದಿಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟ್ ಬಳಿ ನಿತಂಬ, ಹೊಟ್ಟೆಯ ಸ್ನಾಯುಗಳಿಗೆ ಕೆಲವು ತಿಂಗಳು ವ್ಯಾಯಾಮ ಮಾಡಿ. ಅದಕ್ಕೂ ಬಗ್ಗದಿದ್ದರೆ ಕೀಹೋಲ್ ಶಸ್ತ್ರಚಿಕಿತ್ಸೆಯ ಮಾತು, ಅದೂ ನೋವಿರುವ ಬಲಗಡೆಗೆ ಮಾತ್ರ.

ಆದರೆ ಮಲಗಿದರೂ ಬಿಡದ ನೋವು, ಜ್ವರ, ಕಾಲೂರಲಾಗದ ಸ್ಥಿತಿ ಕಂಡರೆ ಕಾಯಬೇಡಿ. ಸ್ಟೀರಾಯ್ಡ್ ದೀರ್ಘಕಾಲ ತೆಗೆದುಕೊಂಡಿದ್ದರೆ, ಕುಡಿತ ಹೆಚ್ಚಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಏಕೆಂದರೆ ರಕ್ತ ಸಾಲದೆ ಇದೇ ಮೂಳೆಯ ತಲೆ ಸಾಯುವ ಬೇರೆ ಕಾಯಿಲೆಯಿದೆ. ಶುರುವಿನಲ್ಲಿ ಅದು ಎಕ್ಸ್‌ರೇಗೆ ಕಾಣದು, ಎಂಆರ್‌ಐ ಬೇಕು.